ನಮ್ಮ ಪದವೀಧರೆಯರ ವರ್ತಮಾನ

ನಮ್ಮ ಶಾಲೆಯ ಸ್ಮರಣ ಸಂಚಿಕೆಯನ್ನು ಅಚ್ಚಿಗೆ ಕೊಡುವ ಕಾಲವು ಸಮೀಪಿಸಿತೆಂದರೆ ಹಳೆಯ ವಿದ್ಯಾರ್ಥಿನಿಯರ ಪತ್ರಗಳು ಒಂದೊಂದಾಗಿ ಬರತೊಡಗುತ್ತವೆ. ಒಬ್ಬಳು ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆ ಹೊಂದಿದೆನೆಂದು ಬರೆದಿರುತ್ತಾಳೆ; ಮತ್ತೊಬ್ಬಳು ಬೆಂಗಳೂರಿನ ಕಂಪೆನಿಯೊಂದರಲ್ಲಿ ಇಂಜಿನಿಯರಾಗಿ ಸೇರಿರುವಳು; ಇನ್ನೊಬ್ಬಳು ಕಡಲಾಚೆಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು, ರಾತ್ರಿಯ ಪಾಳಿ ಮುಗಿದ ಮೇಲೆ ನಿದ್ದೆಗಣ್ಣಿನಲ್ಲಿಯೇ ನಾಲ್ಕು ಸಾಲು ಬರೆದು ಕಳುಹಿಸಿರುವಳು. ಮದುವೆಯ ಸುದ್ದಿ, ಮಗುವಿನ ದೀಕ್ಷಾಸ್ನಾನದ ಸುದ್ದಿ, ಹೊಸ ಮನೆಯ ಸುದ್ದಿ, ಇವೆಲ್ಲವೂ ಉಂಟು. ಇವುಗಳನ್ನು ಓದುವಾಗ ನಮಗಾಗುವ ಸಂತೋಷವು ಇಷ್ಟೆಂದು ಹೇಳತೀರದು. ಸಂಚಿಕೆಯು ಕೈಸೇರಿದೊಡನೆ ನಮ್ಮ ಓದುಗರು ಮೊದಲು ತೆರೆಯುವುದು ಅಧ್ಯಕ್ಷರ ಭಾಷಣವನ್ನಲ್ಲ, ಈ ವರ್ತಮಾನದ ಪುಟಗಳನ್ನೇ ಎಂಬುದೂ ನಮಗೆ ತಿಳಿಯದ ಸಂಗತಿಯಲ್ಲ.

ಆದರೆ ಕಳೆದ ಸಂಚಿಕೆಯಲ್ಲಿ ನಮ್ಮಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ಮುಚ್ಚಿಡದೆ ಹೇಳುವುದೇ ಯೋಗ್ಯವೆಂದು ಭಾವಿಸುತ್ತೇವೆ. ಒಂದೇ ವರ್ಷದಲ್ಲಿ ನಮ್ಮ ಶಾಲೆಯಿಂದ ಹೊರಟು ಪದವಿಯನ್ನು ಪಡೆದ ಏಳು ಮಂದಿ ಗೆಳತಿಯರಲ್ಲಿ ಆರು ಮಂದಿಯ ವರ್ತಮಾನವನ್ನು ಪ್ರಕಟಿಸಿದೆವು. ಏಳನೆಯವಳೂ ಬರೆದಿದ್ದಳು. ಎಂ.ಎಸ್‌ಸಿ. ಮುಗಿಸಿದ ವರ್ಷವೇ ತಂದೆಗೆ ಪಾರ್ಶ್ವವಾಯು ಬಡಿದುದರಿಂದ ಮೂರು ವರ್ಷಗಳಿಂದ ಅವರ ಶುಶ್ರೂಷೆಯಲ್ಲಿರುವುದಾಗಿಯೂ, ಸಾಯಂಕಾಲದಲ್ಲಿ ನೆರೆಹೊರೆಯ ಮಕ್ಕಳಿಗೆ ಜಗಲಿಯಲ್ಲಿ ಲೆಕ್ಕ ಹೇಳಿಕೊಡುವುದಾಗಿಯೂ ತಿಳಿಸಿ, ಕೊನೆಗೆ ‘ಬರೆಯತಕ್ಕ ವಿಶೇಷವೇನೂ ಇಲ್ಲ’ ಎಂದು ಮುಗಿಸಿದ್ದಳು. ನಾವು ಆ ಕೊನೆಯ ಸಾಲನ್ನೇ ನಂಬಿ ಪತ್ರವನ್ನು ಬದಿಗಿರಿಸಿದೆವು.

ಮುಂದೆ ಸಭೆಯ ಸುಗ್ಗಿಹಬ್ಬದ ದಿನ ಆಕೆಯನ್ನು ಕಂಡೆವು. ಆಕೆಯ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ‘ಟೀಚರ್, ನೀವು ನನ್ನ ಹೆಸರು ಬಿಟ್ಟದ್ದು ಸರಿಯೇ. ನಾನು ಏನೂ ಆಗಲಿಲ್ಲವಲ್ಲ’ ಎಂದಳು. ಬಯ್ದಿದ್ದರೆ ನಮ್ಮ ಮನಸ್ಸಿಗೆ ಇಷ್ಟು ನೋವಾಗುತ್ತಿರಲಿಲ್ಲ. ಪ್ರತಿದಿನ ಪ್ರಾತಃಪ್ರಾರ್ಥನೆಯಲ್ಲಿ ಸೇವೆಯೇ ದೊಡ್ಡದೆಂದು ಮಕ್ಕಳಿಗೆ ಬೋಧಿಸುವವರು ನಾವು. ನಮ್ಮದೇ ಪುಟಗಳಿಂದ ಒಬ್ಬ ಹುಡುಗಿಯು ಕಲಿತ ಪಾಠ ಮಾತ್ರ ಇದು. ಆಕೆಯ ಒಪ್ಪಿಗೆಯನ್ನು ಪಡೆದೇ, ಹೆಸರನ್ನು ಹೇಳದೆ, ಈ ಸಂಗತಿಯನ್ನು ಇಲ್ಲಿ ಬರೆದಿದ್ದೇವೆ.

ವರ್ತಮಾನದ ಪುಟವು ಬಹುಮಾನದ ಪಟ್ಟಿಯಲ್ಲ. ಪದವಿ, ಉದ್ಯೋಗ, ಸಂಬಳ ಇವುಗಳಿಂದಲೇ ಒಬ್ಬಳ ವಿದ್ಯೆಯನ್ನು ಅಳೆಯುವುದಾದರೆ, ನಮ್ಮ ದೇಶದ ಮೊದಲ ಪದವೀಧರೆಯರಲ್ಲಿ ಕೆಲವರೂ ಆ ಅಳತೆಗೆ ಸಿಕ್ಕುತ್ತಿರಲಿಲ್ಲ. 1883ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಬಿ.ಎ. ಪದವಿಯನ್ನು ಪಡೆದ ಚಂದ್ರಮುಖಿ ಬಸು ಮತ್ತು ಕಾದಂಬಿನಿ ಬಸು ಎಂಬಿಬ್ಬರನ್ನು ನಾವೆಲ್ಲರೂ ಕೇಳಿಬಲ್ಲೆವು. ಮೊದಲನೆಯವರು ಬೆಥೂನ್ ಕಾಲೇಜಿನ ಪ್ರಾಂಶುಪಾಲರಾದರು. ಎರಡನೆಯವರು ವೈದ್ಯವಿದ್ಯೆಯನ್ನು ಕಲಿತು, ಸಂಸಾರವನ್ನೂ ನಡೆಸುತ್ತ, ರೋಗಿಗಳ ಸೇವೆ ಮಾಡಿದರು. ಇವರ ವರ್ತಮಾನವನ್ನು ಬರೆಯುವುದು ಸುಲಭ.

ಕೊರ್ನೇಲಿಯಾ ಸೊರಾಬ್ಜಿಯವರ ವಿಷಯವು ಹಾಗಲ್ಲ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಇವರು ಬೊಂಬಾಯಿ ವಿಶ್ವವಿದ್ಯಾನಿಲಯದ ಪ್ರಥಮ ಪದವೀಧರೆ. 1889ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತು ತೇರ್ಗಡೆ ಹೊಂದಿದರು. ಆದರೆ ಸ್ತ್ರೀಯರಿಗೆ ಪದವಿ ಕೊಡುವ ಪದ್ಧತಿಯು ಅಲ್ಲಿ 1920ರ ವರೆಗೂ ಇರಲಿಲ್ಲ. ಸೊರಾಬ್ಜಿಯವರ ಕೈಗೆ ಪದವಿ ಬಂದುದು 1922ರಲ್ಲಿ. ನಡುವಣ 30 ವರ್ಷಗಳಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ. ಪರದೆಯ ಹಿಂದಿದ್ದು, ಪರಪುರುಷನೊಡನೆ ಮಾತನಾಡಲಾರದೆ ಆಸ್ತಿಯ ವಿಷಯದಲ್ಲಿ ಮೋಸಹೋಗುತ್ತಿದ್ದ ಹೆಂಗಸರಿಗೆ ಕಾನೂನಿನ ಸಲಹೆ ಕೊಡುವುದರಲ್ಲಿ ಆ ಕಾಲವನ್ನು ಬಹುಮಟ್ಟಿಗೆ ಸವೆಸಿದರು.

ನಮ್ಮ ಬೆಂಗಳೂರಿಗೂ ಇಂತಹದೇ ಒಂದು ಸಂಬಂಧವುಂಟು. ತಿರುವಾಂಕೂರಿನ ಕ್ರೈಸ್ತ ಮನೆತನದಲ್ಲಿ 1918ರಲ್ಲಿ ಜನಿಸಿದ ಅನ್ನಾ ಮಾಣಿಯವರು 1940ರಿಂದ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ವಿಷಯವಾಗಿ ಸಂಶೋಧನೆ ಮಾಡಿದರು. 1945ರಲ್ಲಿ ಪ್ರಬಂಧವನ್ನು ಒಪ್ಪಿಸಿದಾಗ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಮದ್ರಾಸು ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟನ್ನು ಕೊಡಲಿಲ್ಲ. ಅವರು ಆ ಪದವಿಗಾಗಿ ಕಾಯುತ್ತ ಕೂಡಲಿಲ್ಲ. 1948ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿ, ಗಾಳಿ, ಬಿಸಿಲು, ಮಳೆಗಳನ್ನು ಅಳೆಯುವ ಉಪಕರಣಗಳು ನಮ್ಮ ದೇಶದಲ್ಲಿಯೇ ತಯಾರಾಗುವಂತೆ ದುಡಿದು, 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಹೆಸರಿನ ಮುಂದೆ ‘ಡಾಕ್ಟರ್’ ಎಂಬ ಅಕ್ಷರಗಳಿಲ್ಲದಿದ್ದರೂ ಅವರ ಕೆಲಸವು ನಿಲ್ಲಲಿಲ್ಲ.

ಇಷ್ಟನ್ನು ಓದಿ, ಹೆಣ್ಣುಮಕ್ಕಳಿಗೆ ಉದ್ಯೋಗವೇ ಬೇಡವೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ನಮ್ಮ ಅಭಿಪ್ರಾಯವು ಅದಕ್ಕೆ ತೀರ ವಿರುದ್ಧವಾದುದು. ಸರಕಾರದ ಸಮೀಕ್ಷೆಯ ಪ್ರಕಾರ 2021–22ರಲ್ಲಿ ಭಾರತದಲ್ಲಿ ಉಚ್ಚಶಿಕ್ಷಣವನ್ನು ಪಡೆಯುತ್ತಿದ್ದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಸುಮಾರು 2.07 ಕೋಟಿ ಮಂದಿ ಸ್ತ್ರೀಯರು, ಅಂದರೆ ಹೆಚ್ಚುಕಡಮೆ ಅರ್ಧ ಪಾಲು. ಆದರೆ 2023–24ರ ಶ್ರಮಬಲ ಸಮೀಕ್ಷೆಯನ್ನು ನೋಡಿದರೆ, ನಗರಗಳಲ್ಲಿ 15 ವರ್ಷ ತುಂಬಿದ ಸ್ತ್ರೀಯರಲ್ಲಿ ಕೆಲಸದಲ್ಲಿದ್ದವರೂ ಕೆಲಸವನ್ನು ಹುಡುಕುತ್ತಿದ್ದವರೂ ಸೇರಿ ನೂರಕ್ಕೆ 28 ಮಂದಿ ಮಾತ್ರ. ಇವರೆಲ್ಲರೂ ಪದವೀಧರೆಯರಲ್ಲವೆಂಬುದು ನಿಜ. ಕಾಲೇಜಿನಲ್ಲಿ ಓದುತ್ತಿರುವವರೂ ವೃದ್ಧೆಯರೂ ಈ ಲೆಕ್ಕದಲ್ಲಿ ಸೇರಿರುವರೆಂಬುದೂ ನಿಜ. ಆದರೂ, ಕಾಲೇಜಿನ ಬಾಗಿಲನ್ನು ಇಷ್ಟು ಮಂದಿ ಹೊಕ್ಕ ಮೇಲೆ ಕೆಲಸದ ಬಾಗಿಲಿನಲ್ಲಿ ಇಷ್ಟು ಕಡಮೆ ಮಂದಿ ಕಾಣುವುದೇಕೆಂದು ಕೇಳದೆ ಇರಲಾಗದು.

ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ನಮ್ಮ ಅಂಚೆಯಲ್ಲಿಯೇ ಬಂದಿದೆ. ಒಬ್ಬ ತಾಯಿಯು ನಮಗೆ ಬರೆದರು: ‘ಮಗಳು ಬಿ.ಇ. ಮುಗಿಸಿದಳು. ಒಳ್ಳೆಯ ಸಂಬಂಧವು ಕೂಡಿಬಂದಿತು. ದೇವರ ದಯೆಯಿಂದ ಆಕೆ ಕೆಲಸಕ್ಕೆ ಹೋಗುವ ಅಗತ್ಯವಿಲ್ಲ.’ ಆ ತಾಯಿಯ ಸಂತೋಷದಲ್ಲಿ ನಾವೂ ಪಾಲುಗಾರರೇ. ಆದರೆ ಪತ್ರವನ್ನು ಎರಡು ಬಾರಿ ತಿರುಗಿಸಿ ನೋಡಿದರೂ ಮಗಳ ಕೈಬರಹದ ಒಂದು ಸಾಲೂ ಅದರಲ್ಲಿರಲಿಲ್ಲ. ಅಗತ್ಯವಿಲ್ಲವೆಂದು ತೀರ್ಮಾನಿಸಿದವರು ಯಾರು? ಆಕೆಯನ್ನು ಕೇಳಲಾಯಿತೇ?

ಹೊರಗಿನಿಂದ ನೋಡುವವರಿಗೆ ಈ ಇಬ್ಬರು ಹುಡುಗಿಯರೂ ಒಂದೇ: ಇಬ್ಬರೂ ಪದವೀಧರೆಯರು, ಇಬ್ಬರೂ ಮನೆಯಲ್ಲಿರುವವರು. ನಮ್ಮ ದೃಷ್ಟಿಯಲ್ಲಿ ಇವರ ನಡುವೆ ಬಹಳ ಅಂತರವುಂಟು. ತಂದೆಯ ಮಂಚದ ಬಳಿ ಕುಳಿತವಳು ತಾನಾಗಿ ಆ ಕೆಲಸವನ್ನು ಆರಿಸಿಕೊಂಡವಳು. ಆಕೆಯ ವಿದ್ಯೆಯು ಜಗಲಿಯಲ್ಲಿ ಪ್ರತಿದಿನವೂ ಬೆಳಗುತ್ತಿದೆ. ಇನ್ನೊಬ್ಬಳ ವಿದ್ಯೆಯನ್ನು ಮದುವೆಯ ಒಡವೆಯಂತೆ ಒಂದು ದಿನ ತೋರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಬಹುದೋ ಎಂಬ ಭಯವು ನಮಗಿದೆ. ಆಕೆಯೂ ತಾನಾಗಿಯೇ ಮನೆಯನ್ನು ಆರಿಸಿಕೊಂಡಿದ್ದರೆ ನಮ್ಮ ಭಯವು ಸುಳ್ಳಾಗಲಿ. ಅದನ್ನು ಆಕೆಯ ಬಾಯಿಂದಲೇ ಕೇಳಲು ಬಯಸುತ್ತೇವೆ. ಮನೆಗೆಲಸವು ಹೀನವಲ್ಲ, ಕಚೇರಿಯ ಕೆಲಸವೇ ಶ್ರೇಷ್ಠವೂ ಅಲ್ಲ. ಆರಿಸಿಕೊಳ್ಳುವ ಅಧಿಕಾರವನ್ನು ಕಸಿದುಕೊಳ್ಳುವುದೇ ತಪ್ಪು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಮಗಳನ್ನು ಕಾಲೇಜಿಗೆ ಕಳುಹಿಸಲು ನಿಮ್ಮಲ್ಲಿ ಅನೇಕರು ಸಾಲ ಮಾಡಿದ್ದೀರಿ, ಒಡವೆ ಮಾರಿದ್ದೀರಿ. ಅದನ್ನು ನಾವು ಬಲ್ಲೆವು. ಅಷ್ಟು ಕಷ್ಟಪಟ್ಟು ಕೊಡಿಸಿದ ವಿದ್ಯೆಯನ್ನು ಏನು ಮಾಡಬೇಕೆಂದು ಆಕೆಯನ್ನೇ ಕೇಳಿರಿ. ಸಂಬಂಧವನ್ನು ಗೊತ್ತುಮಾಡುವ ಮುಂಚೆಯೇ ಆ ಮಾತನ್ನು ಎರಡೂ ಮನೆಯವರ ಎದುರಿನಲ್ಲಿ ಬಾಯಿಬಿಟ್ಟು ಆಡಿರಿ. ಮದುವೆಯಾದ ಮೇಲೆ ಆಡುವ ಮಾತಿಗೆ ಬೆಲೆ ಕಡಮೆ.

ಇನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ. ಈ ವರ್ಷದಿಂದ ವರ್ತಮಾನದ ಪುಟಗಳನ್ನು ಬೇರೆ ರೀತಿಯಲ್ಲಿ ನಡೆಸಲು ನಿಶ್ಚಯಿಸಿದ್ದೇವೆ. ನಿಮ್ಮ ವರ್ತಮಾನವನ್ನು ತಂದೆತಾಯಿಗಳಾಗಲಿ ಗಂಡಂದಿರಾಗಲಿ ಬರೆಯುವುದು ಬೇಡ, ನೀವೇ ಬರೆಯಿರಿ. ಪದವಿಯನ್ನೂ ಹುದ್ದೆಯನ್ನೂ ಸಂತೋಷವಾಗಿ ತಿಳಿಸಿರಿ. ಅದರೊಡನೆ ಕಲಿತ ವಿದ್ಯೆಯು ಯಾರಿಗೆ ಉಪಯೋಗವಾಗುತ್ತಿದೆ, ಯಾವುದು ಅಡ್ಡಿಯಾಯಿತು, ಹತ್ತನೆಯ ತರಗತಿಯಲ್ಲಿ ಕುಳಿತಿರುವ ನಿಮ್ಮ ತಂಗಿಯರಿಗೆ ಏನು ಹೇಳಬಯಸುತ್ತೀರಿ ಎಂಬುದನ್ನೂ ತಿಳಿಸಿರಿ. ಪರೀಕ್ಷೆಯಲ್ಲಿ ಸೋತವರೂ, ಕೆಲಸವನ್ನು ಬಿಟ್ಟವರೂ, ಹುಡುಕಿ ಹುಡುಕಿ ಬೇಸತ್ತವರೂ ಬರೆಯಿರಿ. ಹೆಸರು ಬೇಡವೆಂದವರ ಹೆಸರನ್ನು ಅಚ್ಚು ಹಾಕುವುದಿಲ್ಲ. ‘ವಿಶೇಷವೇನೂ ಇಲ್ಲ’ ಎಂಬ ಸಾಲನ್ನು ಮಾತ್ರ ನಾವು ಇನ್ನು ನಂಬುವವರಲ್ಲ.

ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳಕೊಂಡ ಹೆಂಗಸಿನ ಸಾಮ್ಯವನ್ನು ನೀವೆಲ್ಲರೂ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತವರು. ಒಂಬತ್ತು ಕೈಯಲ್ಲಿವೆಯೆಂದು ಆಕೆ ಸುಮ್ಮನಿರಲಿಲ್ಲ. ದೀಪವನ್ನು ಹಚ್ಚಿ ಮನೆಯನ್ನೆಲ್ಲಾ ಗುಡಿಸಿ ಹುಡುಕಿದಳು. ಕಳೆದ ವರ್ಷ ನಾವು ಕೈಯಲ್ಲಿದ್ದ ನಾಣ್ಯವನ್ನೇ ನಾಣ್ಯವಲ್ಲವೆಂದು ಬದಿಗಿಟ್ಟೆವು. ಈ ಸಂಚಿಕೆಯ ವರ್ತಮಾನದ ಪುಟವನ್ನು ತೆರೆದರೆ ಮೊಟ್ಟಮೊದಲಿನ ಪತ್ರವು ಆಕೆಯದೇ. ಜಗಲಿಯಲ್ಲಿ ಲೆಕ್ಕ ಕಲಿತ ಮಕ್ಕಳಲ್ಲಿ ಇಬ್ಬರು ಹುಡುಗಿಯರು ಬರುವ ವರ್ಷ ನಮ್ಮ ಶಾಲೆಯನ್ನು ಸೇರುವರೆಂದು ಆಕೆ ಅದರಲ್ಲಿ ತಿಳಿಸಿದ್ದಾಳೆ.