ನಿವೃತ್ತಿ ವಿಮಾನಕ್ಕೆ, ಹೊಣೆಗಾರಿಕೆಗಲ್ಲ

2010ರ ಅಕ್ಟೋಬರ್ 19ರಂದು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನ ಮುಂದಿಟ್ಟ ರಕ್ಷಣಾ ಪರಾಮರ್ಶೆಯು ಎರಡು ವಿಮಾನಗಳ ಆಯಸ್ಸನ್ನು ಒಂದೇ ದಿನ ಮುಗಿಸಿತು. ಒಂದು, ನಿಂತಲ್ಲಿಂದಲೇ ನೇರವಾಗಿ ಮೇಲೇರಬಲ್ಲ ಹ್ಯಾರಿಯರ್. ಇನ್ನೊಂದು, ಕಡಲ ಮೇಲೆ ಗಸ್ತು ತಿರುಗಿ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಬೇಕಿದ್ದ ನಿಮ್ರಾಡ್ ಎಂಆರ್‌ಎ4. ಜಾಗತಿಕ ಹಣಕಾಸು ಬಿಕ್ಕಟ್ಟಿನ ನಂತರ ಸರ್ಕಾರದ ಸಾಲ ಬೆಳೆದಿತ್ತು. ನಾಲ್ಕು ವರ್ಷಗಳಲ್ಲಿ ರಕ್ಷಣಾ ಬಜೆಟ್ಟನ್ನು ನೈಜ ಲೆಕ್ಕದಲ್ಲಿ ಶೇ 8ರಷ್ಟು ಇಳಿಸಬೇಕಿತ್ತು. 1982ರ ಫಾಕ್‌ಲೆಂಡ್ಸ್ ಯುದ್ಧದ ನೆನಪನ್ನು ಹೊತ್ತಿದ್ದ ಹ್ಯಾರಿಯರ್‌ಗಾಗಿ ಜನ ಮರುಗಿದರು. ಇನ್ನೂ ಸೇವೆಗೇ ಸೇರದಿದ್ದ ನಿಮ್ರಾಡ್‌ಗೆ ಅಂಥ ಅಭಿಮಾನಿಗಳಿರಲಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಆ ದೇಶವನ್ನು ಹೆಚ್ಚು ಕಾಡಿದ್ದು ನಿಮ್ರಾಡ್ ಬಿಟ್ಟುಹೋದ ಖಾಲಿ ಜಾಗವೇ. ಹಣವಿಲ್ಲದಾಗ ವಿಮಾನವನ್ನು ಕೈಬಿಡುವುದು ತಪ್ಪಲ್ಲ. ಅದು ಮಾಡುತ್ತಿದ್ದ ಕೆಲಸ ಇನ್ನು ಯಾರದು ಎಂದು ತೀರ್ಮಾನಿಸದೆ ಕೈಬಿಡುವುದು ತಪ್ಪು ಎಂಬುದು ನನ್ನ ವಾದ.

ಕಡಿತದ ಪರವಾಗಿರುವ ತರ್ಕಕ್ಕೆ ಬಲವಿದೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಪ್ರತಿಯೊಂದು ಬಗೆಯ ವಿಮಾನಕ್ಕೂ ತನ್ನದೇ ತರಬೇತಿ ವ್ಯವಸ್ಥೆ, ಸಿಮ್ಯುಲೇಟರ್, ಬಿಡಿಭಾಗಗಳ ಉಗ್ರಾಣ, ಎಂಜಿನ್ ದುರಸ್ತಿಯ ಗುತ್ತಿಗೆ, ಸುರಕ್ಷತೆಯನ್ನು ಪರಿಶೀಲಿಸುವ ಎಂಜಿನಿಯರುಗಳ ತಂಡ ಬೇಕು. ನೂರು ವಿಮಾನಗಳಿದ್ದರೂ ಮೂವತ್ತೇ ಇದ್ದರೂ ಈ ಖರ್ಚಿನ ದೊಡ್ಡ ಪಾಲು ಹಾಗೆಯೇ ಉಳಿಯುತ್ತದೆ. ಹತ್ತು ಬಸ್ಸುಗಳ ಡಿಪೊದಲ್ಲಿ ಎರಡನ್ನು ಮಾರಿದರೆ ಒಂದಿಷ್ಟು ಡೀಸೆಲ್ ಉಳಿದೀತು, ಡಿಪೊ ನಡೆಸುವ ಖರ್ಚು ಇಳಿಯುವುದಿಲ್ಲ. ಎಲ್ಲ ಬಗೆಯ ವಿಮಾನಗಳಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವ ಬದಲು ಒಂದು ಬಗೆಯನ್ನೇ ಪೂರ್ತಿ ತೆಗೆದುಹಾಕಿ ಎಂದು ಹಣಕಾಸು ಇಲಾಖೆಗಳು ಹೇಳುವುದು ಈ ಕಾರಣಕ್ಕೆ. ಆ ಲೆಕ್ಕ ಸರಿ. ಆದರೆ ಉಳಿತಾಯ ಇಡಿಯಾಗಿ ಬರುವ ದಾರಿಯಲ್ಲೇ ನಷ್ಟವೂ ಇಡಿಯಾಗಿ ಬರುತ್ತದೆ. ಹತ್ತರಲ್ಲಿ ಎರಡು ಹೋದರೆ ಸಾಮರ್ಥ್ಯ ಕುಗ್ಗುತ್ತದೆ. ಹತ್ತೂ ಹೋದರೆ ಆ ಕೆಲಸ ಬಲ್ಲವರೇ ಇಲ್ಲವಾಗುತ್ತಾರೆ. ಆದ್ದರಿಂದ ಒಂದು ಬಗೆಯನ್ನು ಪೂರ್ತಿ ತೆಗೆಯುವ ಮುನ್ನ ಅದೇ ಕೆಲಸಕ್ಕೆ ಇನ್ನೊಂದು ಬಗೆಯ ವಿಮಾನ ಇದೆಯೇ ಎಂದು ಕೇಳಬೇಕು.

ಹ್ಯಾರಿಯರ್ ಈ ಪರೀಕ್ಷೆಯಲ್ಲಿ ಅರ್ಧ ಗೆಲ್ಲುತ್ತದೆ. ನೆಲದ ಮೇಲಿನ ಗುರಿಗಳಿಗೆ ದಾಳಿ ಮಾಡಲು ಬ್ರಿಟನ್ ಬಳಿ ಟಾರ್ನೆಡೊ ಕೂಡ ಇತ್ತು. ಅದು ಸಂಖ್ಯೆಯಲ್ಲಿ ಹೆಚ್ಚಿತ್ತು, ಸ್ಟಾರ್ಮ್ ಶ್ಯಾಡೊದಂಥ ದೂರದ ಕ್ಷಿಪಣಿಯನ್ನು ಹೊರುತ್ತಿತ್ತು. ಹ್ಯಾರಿಯರ್ ಕೊನೆಯ ಹಾರಾಟ ಮುಗಿಸಿದ ಮೂರೇ ತಿಂಗಳಿಗೆ, 2011ರ ಮಾರ್ಚ್‌ನಲ್ಲಿ, ಲಿಬಿಯಾದ ಯುದ್ಧ ಬಂತು. ಟಾರ್ನೆಡೊಗಳು ಇಂಗ್ಲೆಂಡಿನ ಮಾರ್‌ಹ್ಯಾಮ್ ನೆಲೆಯಿಂದ ಹೊರಟು, ದಾರಿಯಲ್ಲಿ ಆಕಾಶದಲ್ಲೇ ಇಂಧನ ತುಂಬಿಸಿಕೊಂಡು, ಹೋಗಿ ಬರಲು ಸುಮಾರು 4,800 ಕಿ.ಮೀ. ಹಾರಿದವು, ನಂತರ ಇಟಲಿಯ ನೆಲೆಯಿಂದ ಕಾರ್ಯಾಚರಣೆ ನಡೆಸಿದವು. ಆದರೆ ಫ್ರಾನ್ಸ್ ತನ್ನ ವಿಮಾನವಾಹಕ ನೌಕೆಯನ್ನೇ ಲಿಬಿಯಾದ ಹತ್ತಿರಕ್ಕೆ ತಂದಿತ್ತು. ದಾಳಿಯ ಕೆಲಸ ನಿಲ್ಲಲಿಲ್ಲ, ಆದರೆ ಹಡಗಿನಿಂದ ಯುದ್ಧವಿಮಾನ ಹಾರಿಸುವ ಕೆಲಸ ನಿಂತುಹೋಯಿತು. 72 ಹ್ಯಾರಿಯರ್‌ಗಳು ಸುಮಾರು 11.6 ಕೋಟಿ ಪೌಂಡ್‌ಗೆ ಅಮೆರಿಕದ ಮರೀನ್ ಪಡೆಗೆ ಮಾರಾಟವಾದವು, ಮುಖ್ಯವಾಗಿ ಬಿಡಿಭಾಗಗಳಿಗಾಗಿ. ಹತ್ತು ವರ್ಷಗಳ ಮೇಲೆ, 2021ರಲ್ಲಿ, ಹೊಸ ನೌಕೆ ಕ್ವೀನ್ ಎಲಿಜಬೆತ್ ಹಿಂದೂ ಮಹಾಸಾಗರದತ್ತ ಹೊರಟಾಗ ಅದರ ಮೇಲಿದ್ದ ಎಫ್-35ಗಳಲ್ಲಿ ಬ್ರಿಟನ್ನಿನವು ಎಂಟು, ಅಮೆರಿಕದ ಮರೀನ್ ಪಡೆಯವು ಹತ್ತು.

ನಿಮ್ರಾಡ್ ವಿಷಯದಲ್ಲಿ ಅರ್ಧ ಗೆಲುವೂ ಇಲ್ಲ. ಯೋಜನೆ ವರ್ಷಗಟ್ಟಲೆ ತಡವಾಗಿತ್ತು, 21 ಎಂದು ಆರಂಭವಾದ ಆರ್ಡರ್ 9ಕ್ಕೆ ಇಳಿದಿತ್ತು, 300 ಕೋಟಿ ಪೌಂಡ್‌ಗೂ ಹೆಚ್ಚು ಹಣ ಖರ್ಚಾಗಿತ್ತು. ಅದನ್ನು ರದ್ದುಪಡಿಸಿದರೆ ಹತ್ತು ವರ್ಷಗಳಲ್ಲಿ 200 ಕೋಟಿ ಪೌಂಡ್ ಉಳಿಯುತ್ತದೆ ಎಂದು ಸರ್ಕಾರ ಹೇಳಿತು. 2011ರ ಆರಂಭದಲ್ಲಿ ಆ ವಿಮಾನಗಳನ್ನು ವುಡ್‌ಫರ್ಡ್ ಕಾರ್ಖಾನೆಯ ಅಂಗಳದಲ್ಲೇ ಒಡೆದು ಹಾಕಲಾಯಿತು. ಅಂಥ ಯೋಜನೆಯನ್ನು ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಹಳೆಯ ನಿಮ್ರಾಡ್‌ಗಳು 2010ರ ಮಾರ್ಚ್‌ನಲ್ಲಿ ಆಗಲೇ ನಿವೃತ್ತವಾಗಿದ್ದವು. ಸುತ್ತಲೂ ಕಡಲಿರುವ, ಅಣ್ವಸ್ತ್ರಗಳಿಗೆಲ್ಲ ಜಲಾಂತರ್ಗಾಮಿಗಳನ್ನೇ ನೆಚ್ಚಿರುವ ದೇಶಕ್ಕೆ ಕಡಲ ಗಸ್ತಿನ ವಿಮಾನ ಒಂದೂ ಉಳಿಯಲಿಲ್ಲ. 2014ರ ಕೊನೆಯಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ ಜಲಾಂತರ್ಗಾಮಿಯ ಪೆರಿಸ್ಕೋಪ್ ಕಂಡ ಶಂಕೆ ಎದ್ದಾಗ ಹುಡುಕಾಟಕ್ಕೆ ಮಿತ್ರರಾಷ್ಟ್ರಗಳ ವಿಮಾನಗಳನ್ನು ಕರೆಸಬೇಕಾಯಿತು.

ಇಲ್ಲಿ ಕಳೆದುಹೋಗುವುದು ಲೋಹದ ಯಂತ್ರವಷ್ಟೇ ಎಂದುಕೊಂಡರೆ ನಷ್ಟದ ಅಳತೆ ತಿಳಿಯುವುದಿಲ್ಲ. ಗಸ್ತು ವಿಮಾನವು ಕಡಲಿಗೆ ಸೊನೊಬಾಯ್ ಎಂಬ ತೇಲುವ ಕೊಳವೆಗಳನ್ನು ಎಸೆಯುತ್ತದೆ. ನೀರು ಮುಟ್ಟಿದೊಡನೆ ಪ್ರತಿ ಕೊಳವೆಯೂ ತಂತಿಯೊಂದನ್ನು ಆಳಕ್ಕಿಳಿಸಿ, ಅಲ್ಲಿ ಕೇಳಿದ ಸದ್ದನ್ನು ರೇಡಿಯೊ ಮೂಲಕ ವಿಮಾನಕ್ಕೆ ಕಳಿಸುತ್ತದೆ. ಮೀನುಗಾರಿಕೆ ದೋಣಿಯ ಎಂಜಿನ್, ತಿಮಿಂಗಿಲದ ಕರೆ, ಅಲೆಗಳ ಗದ್ದಲ ಇವೆಲ್ಲದರ ನಡುವೆ ಜಲಾಂತರ್ಗಾಮಿಯ ಸದ್ದನ್ನು ಬೇರ್ಪಡಿಸುವ ಕಲೆ ಅನುಭವಿಗಳ ಪಕ್ಕದಲ್ಲಿ ಕುಳಿತು ವರ್ಷಗಳಲ್ಲಿ ಕೂಡಿಸಿಕೊಳ್ಳುವಂಥದ್ದು. ಬ್ರಿಟಿಷ್ ವಾಯುಪಡೆ ಇದನ್ನು ಬಲ್ಲದು. ಸೀಡ್‌ಕಾರ್ನ್ ಎಂಬ ಯೋಜನೆಯಡಿ ತನ್ನ ಕೆಲವು ಸಿಬ್ಬಂದಿಯನ್ನು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಗಸ್ತು ಪಡೆಗಳಿಗೆ ಕಳಿಸಿ ಆ ವಿದ್ಯೆಯನ್ನು ಉಳಿಸಿಕೊಂಡಿತು. 2015ರಲ್ಲಿ ಸರ್ಕಾರ ಮನಸ್ಸು ಬದಲಿಸಿ ಒಂಬತ್ತು ಪಿ-8 ಗಸ್ತು ವಿಮಾನಗಳ ಖರೀದಿಗೆ ಮುಂದಾಯಿತು. ಮೊದಲನೆಯದು ಬ್ರಿಟನ್ ತಲುಪಿದ್ದು 2020ರಲ್ಲಿ. ಅವಕ್ಕೆ ದಶಕದಲ್ಲಿ ಸುಮಾರು 300 ಕೋಟಿ ಪೌಂಡ್ ತೆಗೆದಿಡಲಾಯಿತು. ಹೊಸ ವಿಮಾನ ಕೊಳ್ಳುವ ಖರ್ಚೂ ಇದರಲ್ಲಿ ಸೇರಿರುವುದರಿಂದ ಅಂದಿನ ಉಳಿತಾಯದೊಂದಿಗೆ ಇದನ್ನು ನೇರವಾಗಿ ತೂಗಲಾಗದು. ಆದರೂ ಬೇಡವೆಂದು ಬಿಟ್ಟ ಕೆಲಸಕ್ಕೇ ಮತ್ತೆ ಹಣ ಹುಡುಕಬೇಕಾಯಿತು ಎಂಬುದು ಸತ್ಯ.

ಹಳೆಯ ವಿಮಾನಗಳನ್ನು ಹಾರಿಸುತ್ತಲೇ ಇದ್ದರೆ ಪ್ರಾಣಗಳು ಹೋಗುತ್ತವೆ ಎಂಬ ಆಕ್ಷೇಪ ಬಹಳ ಗಂಭೀರವಾದದ್ದು. 2006ರಲ್ಲಿ ಕಂದಹಾರ್ ಬಳಿ ಹಳೆಯ ನಿಮ್ರಾಡ್ ಒಂದು ಬೆಂಕಿ ಹತ್ತಿ ಬಿದ್ದು 14 ಜನ ಸತ್ತರು. ವೆಚ್ಚ ಇಳಿಸುವ ಒತ್ತಡವು ಸುರಕ್ಷತೆಯ ಮೇಲಿನ ಗಮನವನ್ನು ಕದಲಿಸಿತ್ತೆಂದು ಚಾರ್ಲ್ಸ್ ಹ್ಯಾಡನ್-ಕೇವ್ ಅವರ 2009ರ ತನಿಖಾ ವರದಿ ಹೇಳಿತು. ನಮ್ಮಲ್ಲಿ 1963ರಲ್ಲಿ ಬಂದ ಮಿಗ್-21 ಸೇವೆಯಿಂದ ಹೊರಬಂದದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. ಅಷ್ಟರಲ್ಲಿ ಅದರ ಅಪಘಾತಗಳು ಅನೇಕ ಪೈಲಟ್‌ಗಳನ್ನು ಬಲಿ ಪಡೆದಿದ್ದವು. ಇದು ಕಡಿತದ ಕಥೆಯಲ್ಲ, ವಿಳಂಬದ ಕಥೆ: ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ತೇಜಸ್ ಸಕಾಲಕ್ಕೆ, ಸಾಕಷ್ಟು ಸಂಖ್ಯೆಯಲ್ಲಿ ಬರಲಿಲ್ಲ. ಮಿಗ್ ಹೋದ ಮೇಲೆ, 42 ಸ್ಕ್ವಾಡ್ರನ್‌ಗಳ ಮಂಜೂರಾತಿ ಇರುವ ವಾಯುಪಡೆಯಲ್ಲಿ 29 ಉಳಿದವು. ಆಕ್ಷೇಪ ನಿಜ, ಆದರೆ ಅದು ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ. ಬದಲಿ ವಿಮಾನದ ಚಿಂತೆಯನ್ನು ಮುಂದೂಡಿದರೆ ಮುಪ್ಪಿನ ವಿಮಾನದಲ್ಲಿ ಪೈಲಟ್‌ಗಳನ್ನು ಕಳಿಸಬೇಕಾಗುತ್ತದೆ, ಇಲ್ಲವೇ ಆಕಾಶವನ್ನು ಖಾಲಿ ಬಿಡಬೇಕಾಗುತ್ತದೆ.

ಹೀಗೆ ಪರೀಕ್ಷೆ ಒಡ್ಡುತ್ತ ಕುಳಿತರೆ ಯಾವ ವಿಮಾನವೂ ನಿವೃತ್ತವಾಗುವುದಿಲ್ಲ, ರಾಜಕಾರಣಿಗಳು ತಮ್ಮ ಕ್ಷೇತ್ರದ ನೆಲೆಗಳನ್ನು ಉಳಿಸಿಕೊಳ್ಳಲು ಇದನ್ನೇ ನೆಪ ಮಾಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. 2014ರಲ್ಲಿ ಅಮೆರಿಕದ ವಾಯುಪಡೆ ಎ-10 ದಾಳಿ ವಿಮಾನಗಳನ್ನು ಕೈಬಿಟ್ಟು ಐದು ವರ್ಷಗಳಲ್ಲಿ ಸುಮಾರು 420 ಕೋಟಿ ಡಾಲರ್ ಉಳಿಸಲು ಹೊರಟಾಗ ಅಲ್ಲಿನ ಸಂಸತ್ತು ತಡೆಯಿತು. ಕ್ಷೇತ್ರದ ಹಿತ ಅದರಲ್ಲಿ ಬೆರೆತಿರಬಹುದು. ಆದರೆ ನೆಲದಲ್ಲಿ ಸಿಕ್ಕಿಬಿದ್ದ ಸೈನಿಕನಿಗೆ ಹತ್ತಿರದಿಂದ ನೆರವಾಗುವ ಕೆಲಸವನ್ನು ಬೇರೆ ಯಾವ ವಿಮಾನ ಅಷ್ಟೇ ಚೆನ್ನಾಗಿ ಮಾಡುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ತೃಪ್ತಿಕರ ಉತ್ತರ ಕೊಟ್ಟ ವಾಯುಪಡೆಗೆ ನಿವೃತ್ತಿಯ ಹಾದಿ ಸುಗಮವಾಗುತ್ತದೆ. ಮಿತ್ರರು ನೆರವಾಗುತ್ತಾರಲ್ಲ ಎನ್ನುವವರಿಗೆ ಸ್ಕಾಟ್ಲೆಂಡಿನ ಪ್ರಸಂಗವೇ ಉತ್ತರ: ನೆರವು ಬಂತು, ಆದರೆ ಅದು ಮಿತ್ರರ ಬಿಡುವನ್ನು ಅವಲಂಬಿಸಿತ್ತು. ಸ್ವಂತ ಹೊಣೆಯನ್ನು ಎರವಲು ಬಲದ ಮೇಲೆ ಬಹುಕಾಲ ನಡೆಸಲಾಗದು.

ರಕ್ಷಣಾ ವೆಚ್ಚಕ್ಕೂ ಮಿತಿ ಇರಲೇಬೇಕು. ಶಾಲೆ, ಆಸ್ಪತ್ರೆಗಳ ಹಣವೂ ಅದೇ ಬೊಕ್ಕಸದಿಂದ ಬರಬೇಕು. ಹಾಗಾಗಿ ವಿಮಾನ ಉಳಿಯಬೇಕೆಂದು ಭಾವುಕರಾಗಿ ಹಟ ಹಿಡಿಯುವುದು ಸಲ್ಲದು. ಆದರೆ ಯಾವುದೇ ಸರ್ಕಾರ ಒಂದು ಬಗೆಯ ವಿಮಾನವನ್ನು ಪೂರ್ತಿಯಾಗಿ ತೆಗೆಯುವಾಗ ಉಳಿತಾಯದ ಮೊತ್ತವನ್ನಷ್ಟೇ ಓದಿ ಹೇಳಿದರೆ ಸಾಲದು. ಆ ಕೆಲಸ ಎಂದಿನಿಂದ ಎಂದಿನವರೆಗೆ ನಿಲ್ಲುತ್ತದೆ, ಅಷ್ಟು ಕಾಲ ಯಾವ ಅಪಾಯವನ್ನು ಒಪ್ಪಿಕೊಳ್ಳುತ್ತಿದ್ದೇವೆ, ಅದನ್ನು ಬಲ್ಲ ಜನರನ್ನು ಎಲ್ಲಿ ಉಳಿಸಿಕೊಳ್ಳುತ್ತೇವೆ ಎಂಬುದನ್ನೂ ಅದೇ ದಿನ ಸಂಸತ್ತಿಗೆ ತಿಳಿಸಬೇಕು. ಆ ಉತ್ತರಗಳನ್ನು ಕೇಳಿದ ಮೇಲೂ ಸಂಸತ್ತು ಒಪ್ಪಿದರೆ ಅದು ಪ್ರಜಾಪ್ರಭುತ್ವದ ನಿರ್ಧಾರ. ಉತ್ತರಗಳೇ ಇಲ್ಲದೆ ಮಾಡಿದ ಕಡಿತ ಮುಂದಿನ ಪೀಳಿಗೆಯ ಹೆಸರಿನಲ್ಲಿ ಎತ್ತಿದ ಸಾಲ. ಅದನ್ನು ಹಣದಲ್ಲೋ ಪ್ರಾಣದಲ್ಲೋ ತೀರಿಸುವವರು ಅದಕ್ಕೆ ಸಹಿ ಹಾಕಿದವರಾಗಿರುವುದಿಲ್ಲ.