ಕಿಸೆಯ ಯಂತ್ರದಲ್ಲಿ ಚಲಚ್ಚಿತ್ರ

ಸಂಗೀತ ಕೇಳುವ ಕಿಸೆಯ ಯಂತ್ರದಲ್ಲಿ ಚಲಚ್ಚಿತ್ರವನ್ನೂ ನೋಡಬಹುದೆಂದು ಹಿಗ್ಗುವ ಗೃಹಸ್ಥರು ಬ್ಯಾಟರಿಯ ಲೆಕ್ಕವನ್ನು ಎರಡು ಸಲ ಓದತಕ್ಕದ್ದು. 2005ರಲ್ಲಿ ಆಪಲ್ ಕಂಪನಿಯವರು ಚಿತ್ರ ತೋರುವ ಐಪಾಡನ್ನು ಮೊದಲು ಹೊರತಂದಾಗ, 30 ಗಿಗಾಬೈಟಿನ ಮಾದರಿಗೆ ಅವರೇ ಹೇಳಿದ ಗರಿಷ್ಠಾವಧಿಯಿದು: ಸಂಗೀತವಾದರೆ 14 ಗಂಟೆ, ಚಿತ್ರವಾದರೆ 2 ಗಂಟೆ. ಬ್ಯಾಟರಿ ಅದೇ, ಬಾಳು ಮಾತ್ರ ಏಳರಲ್ಲೊಂದು ಪಾಲು! ಎರಡೂವರೆ ಗಂಟೆಯ ಕಥೆ ನೋಡಲು ಕುಳಿತವರು ನಾಯಕಿಯ ಗತಿ ಏನಾಯಿತೆಂದು ಅರಿಯದೆಯೇ ಏಳಬೇಕಾಗಿತ್ತು.

ಕಾರಣವೇನೂ ಗೂಢವಲ್ಲ. ಹಾಡು ಕೇಳುವಾಗ ತೆರೆಯ ಹಿಂದಣ ದೀಪವು ಆರಿರುತ್ತದೆ. ಒಳಗಣ ತಟ್ಟೆಯು ಸ್ವಲ್ಪ ಹೊತ್ತು ತಿರುಗಿ, ಕೆಲವು ಹಾಡುಗಳನ್ನು ಯಂತ್ರದ ಸ್ಮೃತಿಕೋಶಕ್ಕೆ ತುಂಬಿ, ಆಮೇಲೆ ವಿಶ್ರಮಿಸುತ್ತದೆ. ಚಿತ್ರಕ್ಕೆ ಹಾಗಲ್ಲ. ದೀಪವು ಉದ್ದಕ್ಕೂ ಉರಿಯಬೇಕು, ತಟ್ಟೆಯು ಮೇಲಿಂದ ಮೇಲೆ ತಿರುಗಬೇಕು, ಅಡಕವಾಗಿಟ್ಟ ಚಿತ್ರಗಳನ್ನು ಎಡೆಬಿಡದೆ ಬಿಡಿಸಿ ತೋರಬೇಕು. 2007ರ 80 ಗಿಗಾಬೈಟಿನ ಐಪಾಡ್ ಕ್ಲಾಸಿಕ್ ಚಿತ್ರಕ್ಕೆ 5 ಗಂಟೆ ಬಾಳುವುದೆಂದರು, ಸಂಗೀತಕ್ಕೋ 30. ಅಂತರವು ಹೆಚ್ಚೇನೂ ಕುಗ್ಗಲಿಲ್ಲ.

ಇಂತಹ ಹಳೆಯ ಯಂತ್ರವನ್ನು ಜೋಪಾನವಾಗಿಟ್ಟ ವಾಚಕರಿಗೆ ನಾವು ಹೇಳುವುದಿಷ್ಟು: ದೀಪದ ಕಾಂತಿಯನ್ನು ತಗ್ಗಿಸಿ ನೋಡಿರಿ. ಲಿಥಿಯಂ ಬ್ಯಾಟರಿಯು ವರ್ಷ ಕಳೆದಂತೆ ಸೊರಗುವುದರಿಂದ, ತಯಾರಕರು ಅಂದು ಹೇಳಿದ ಗಂಟೆಗಳನ್ನು ಈಗ ನಂಬಿ ದೂರಪ್ರಯಾಣಕ್ಕೆ ಹೊರಡಬೇಡಿರಿ.