ಹಾಸಿಗೆ ಹಿಡಿದ ಯೋಧನೂ ಊರಿನ ಮುಯ್ಯಾಳೂ



ಡಿಸೆಂಬರ್ ತಿಂಗಳೆಂದರೆ ಈ ಪುಟದಲ್ಲಿ ರಾಗಿ ಒಕ್ಕಣೆ, ತೊಗರಿಯ ಕಾಯಿಕೊರಕ, ಬೇಸಿಗೆ ಬೆಳೆಯ ಬೀಜ ಇವುಗಳ ಮಾತೇ ಹೆಚ್ಚು. ಈ ವಾರ ಅವು ಒಂದು ಪಕ್ಕಕ್ಕಿರಲಿ. 2023ರ ಇದೇ ಡಿಸೆಂಬರಿನಲ್ಲಿ ತೀರಿಕೊಂಡ ಯೋಧರೊಬ್ಬರನ್ನು ನೆನೆಯೋಣ. ಅವರ ಬಾಳಿನಿಂದ ನಮ್ಮ ಹಳ್ಳಿಗಳು ಕಲಿಯಬೇಕಾದ ಒಂದು ಸಂಗತಿ ಇದೆ.

ಲೆಫ್ಟಿನೆಂಟ್ ಕರ್ನಲ್ ಕರಣ್‌ಬೀರ್ ಸಿಂಗ್ ನಟ್ ಪಂಜಾಬಿನ ಬಟಾಲಾ ಕಡೆಯವರು. ಗಾರ್ಡ್ಸ್ ದಳದಲ್ಲಿ ಸೇವೆ ಮುಗಿಸಿದ ಮೇಲೂ ಮನೆಯಲ್ಲಿ ಕೂರದೆ ಟೆರಿಟೋರಿಯಲ್ ಆರ್ಮಿ ಸೇರಿದರು. 2015ರ ನವೆಂಬರಿನಲ್ಲಿ ಕಾಶ್ಮೀರದ ಕುಪ್ವಾರಾ ಜಿಲ್ಲೆಯ ಗಡಿಕಾಡಿನಲ್ಲಿ ಉಗ್ರರಿಗಾಗಿ ಶೋಧ ನಡೆದಿತ್ತು. ಆ ತಿಂಗಳ 17ರಂದು ಅದೇ ಜಿಲ್ಲೆಯಲ್ಲಿ ಸಾತಾರಾದ ಕರ್ನಲ್ ಸಂತೋಷ್ ಮಹಾಡಿಕ್ ವೀರಮರಣ ಹೊಂದಿದ್ದರು. ಕೆಲವೇ ದಿನಗಳಲ್ಲಿ ನಟ್ ಅವರ ಮುಖಕ್ಕೆ ಗುಂಡು ಬಡಿಯಿತು. ಪ್ರಾಣ ಉಳಿಯಿತು, ಪ್ರಜ್ಞೆ ಮರಳಲಿಲ್ಲ. ಎಂಟು ವರ್ಷ ಅವರು ಹಾಸಿಗೆಯಲ್ಲಿಯೇ ಇದ್ದರು. ಜಲಂಧರದ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಗುಂಡು ತಗಲಿದಾಗ ಕಿರಿಯವಳು ಇನ್ನೂ ಎಳೆಯ ಕೂಸು. ತಂದೆ ಕಣ್ಣೆದುರಿಗೇ ಇದ್ದರೂ ಅವರ ಮಾತು ಕೇಳದೆಯೇ ಆ ಮಕ್ಕಳು ಬೆಳೆದರು.

ಮಡಿದ ಯೋಧನಿಗೆ ಊರು ಕೂಡಲೇ ಮೆರವಣಿಗೆ ಮಾಡುತ್ತದೆ, ವೃತ್ತಕ್ಕೆ ಹೆಸರಿಡುತ್ತದೆ. ಅದು ಸರಿಯೇ. ಆದರೆ ಬದುಕುಳಿದು ಹಾಸಿಗೆ ಹಿಡಿದವನ ಗತಿ ಏನು? ಮೊದಲ ತಿಂಗಳು ನೋಡಲು ಬಂದವರಿಗೆ ಕೂರಲು ಜಾಗವಿರುವುದಿಲ್ಲ. ವರ್ಷ ಕಳೆದರೆ ಹೆಂಡತಿ, ತಾಯಿ ಇಬ್ಬರೇ. ನಟ್ ಅವರ ಬೆನ್ನಿಗೆ ಸೇನೆಯ ಆಸ್ಪತ್ರೆಯಿತ್ತು. ನಮ್ಮೂರಿನಲ್ಲಿ ಅಡಿಕೆ ಮರದಿಂದ ಬಿದ್ದವನಿಗೆ, ಟ್ರ್ಯಾಕ್ಟರ್ ಮಗುಚಿ ಬೆನ್ನುಮೂಳೆ ಮುರಿದವನಿಗೆ ಅದೂ ಇಲ್ಲ.

ಹೊಲ ನೋಡಲು ಹೋದಾಗ ಹಸಿರಿನ ನಡುವೆ ಒಂದು ಬೀಳು ತುಂಡು ಕಂಡರೆ ನಾವು ಅಧಿಕಾರಿಗಳು ಮಣ್ಣಿನ ದೋಷವೆಂದು ಬಗೆಯುತ್ತೇವೆ. ಒಮ್ಮೆ ನಾನೂ ಹಾಗೆಯೇ ಮಣ್ಣಿನ ಮಾದರಿ ತೆಗೆಯಲು ಹೊರಟೆ. ಪಕ್ಕದ ಹೊಲದ ಹಿರಿಯರು, "ಮಣ್ಣು ಚೆನ್ನಾಗಿದೆ ಸ್ವಾಮಿ, ಉಳುವವನು ಮಲಗಿದ್ದಾನೆ" ಎಂದರು. ಅವನು ಮಲಗಿ ಮೂರು ಮಳೆಗಾಲ ಕಳೆದಿತ್ತು. ಸುತ್ತಲೂ ಎತ್ತು, ಟ್ರ್ಯಾಕ್ಟರ್ ಎಲ್ಲ ಇದ್ದವು. ಆ ಎರಡು ಎಕರೆಯನ್ನು ಉತ್ತುಕೊಡೋಣ ಎಂದು ಯಾರಿಗೂ ತೋಚಿರಲಿಲ್ಲ.

ನಮ್ಮ ಹಿರಿಯರು ಮುಯ್ಯಾಳು ಪದ್ಧತಿ ಇಟ್ಟಿದ್ದರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಾಸಿಗೆ ಹಿಡಿದವನಿಂದ ಮುಯ್ಯಿ ತಿರುಗಿ ಬಾರದು ನಿಜ. ಗಡಿಯಲ್ಲಿ ಗುಂಡು ತಿಂದವನು ನಮ್ಮಿಂದ ಯಾವ ಮುಯ್ಯಿ ಕೇಳಿದ್ದ? ವರ್ಷಕ್ಕೆ ಎರಡು ದಿನ, ಬಿತ್ತನೆಗೆ ಒಂದು, ಕೊಯ್ಲಿಗೆ ಒಂದು, ಊರಿನವರು ಕೂಡಿ ಅಂಥ ಮನೆಯ ಹೊಲಕ್ಕೆ ಇಳಿದರೆ ಸಾಕು. ಆ ಮನೆಯ ಕಾಳು ಕಣಜ ಸೇರುತ್ತದೆ.

ಇನ್ನು ಕೆಲವು ಮಾತುಗಳನ್ನು ನೆನಪಿಡಿ. ಎತ್ತರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಲೂ ಬೇಡಿ. ಮುರಿದ ಮೂಳೆ ಸರಿದರೆ ನರದ ಹುರಿಗೆ ಪೆಟ್ಟು ಬಿದ್ದು, ನಡೆಯಬಹುದಾದವನೂ ನಡೆಯದಂತಾದಾನು. 108ಕ್ಕೆ ಕರೆ ಮಾಡಿ, ಬರುವ ತನಕ ಅಲುಗಾಡಿಸದೆ ಇಡಿ. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕಾರು ಮಂದಿ ಒಟ್ಟಿಗೆ ಹಿಡಿದು ಹಲಗೆಯ ಮೇಲೆ ಮಲಗಿಸಿ. ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲವಾದರೆ ಹಾಸಿಗೆ ಹುಣ್ಣು ಬರುತ್ತದೆ. ರಾತ್ರಿಯೂ ಬಿಡುವಿಲ್ಲದ ಈ ಕೆಲಸ ಒಬ್ಬ ಹೆಣ್ಣುಮಗಳಿಂದ ವರ್ಷಗಟ್ಟಲೆ ಆಗುವುದಿಲ್ಲ. ನೆರೆಯವರು ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಕುಳಿತರೆ ಆಕೆಗೆ ಒಂದು ನಿದ್ದೆ ಸಿಕ್ಕೀತು.

ಕಾನೂನಿನ ಆಸರೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯ ಇರುವವರಿಗೆ, ಸರ್ಕಾರದ ಯೋಜನೆಗಳಲ್ಲಿ ಕೃಷಿ ಭೂಮಿ ಮತ್ತು ಮನೆ ಹಂಚುವಾಗ ಶೇಕಡಾ 5 ಮೀಸಲಿಡಬೇಕು. ಬಡತನ ನಿವಾರಣೆ ಯೋಜನೆಗಳಲ್ಲೂ ಅಷ್ಟೇ ಪಾಲು. ಇದಕ್ಕೆ ಮೊದಲು ವೈಕಲ್ಯದ ಗುರುತಿನ ಚೀಟಿ ಬೇಕು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಮಾಜಿ ಸೈನಿಕರ ಮನೆಯವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಬಹುದು. ಮಲಗಿದವನು ಕಚೇರಿ ಅಲೆಯಲಾರ. ಓದು ಬರಹ ಬಲ್ಲ ನೀವು ಅವನ ಪರವಾಗಿ ಅರ್ಜಿ ಬರೆದುಕೊಡಿ.

ವಾಚನಾಲಯದಲ್ಲಿ ಈ ಪುಟ ಓದಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಅವರ ಹೊಲ ಯಾವುದು, ಈ ಸಲ ಬಿತ್ತಿದೆಯೇ ಎಂದು ಅಲ್ಲಿಯೇ ಕೂತು ಪಟ್ಟಿ ಮಾಡಿ. ಸಂಕ್ರಾಂತಿಗೆ ಎಳ್ಳು ಬೀರುವಾಗ ಮೊದಲು ಆ ಮನೆಗಳಿಗೆ ಹೋಗಿ. ಮುಂಗಾರಿಗೆ ನೇಗಿಲು ಹೂಡುವಾಗ ಆ ಹೊಲಗಳನ್ನು ಮರೆಯಬೇಡಿ.